ಡೆಸ್ಕ್‌ಟಾಪಿಗೆ ಎರಡನೇ ಹಾರ್ಡ್ ಡಿಸ್ಕ್ ಹಾಕ್ಲಿಕ್ಕುಂಟು, ಹಳೇ ಡಿಸ್ಕಲ್ಲಿ ಅಪ್ಪನ ತಾಳಮದ್ದಳೆ ರೆಕಾರ್ಡಿಂಗ್ ಉಂಟು, ಹೆದರಿಕೆ ಆಗ್ತದೆ

ಅಡಿಕೆಹಾಳೆ (ಪೆರ್ಲ):

ಎಲ್ರಿಗೂ ನಮಸ್ಕಾರ. ನನ್ನದು ಒಂದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪು, ನಾಲ್ಕನೇ ಜನರೇಶನ್ ಐ3, ಎಚ್81 ಬೋರ್ಡು, 8 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ 10. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕೋಲದ ಬ್ಯಾನರು ಹೀಗೆ ಡಿಟಿಪಿ ಕೆಲ್ಸ ಮಾಡ್ಲಿಕ್ಕೆ ಇಟ್ಕೊಂಡದ್ದು. ಈಗ ಸಿ ಕೆಂಪು, ಡಿ ಕೂಡ ಕೆಂಪು, ಒಂದು ಫ್ಲೆಕ್ಸಿನ ಫೈಲ್ ಸೇವ್ ಮಾಡ್ಬೇಕಾದ್ರೆ ಇನ್ನೊಂದನ್ನು ಡಿಲೀಟ್ ಮಾಡ್ಬೇಕು ಅಂತ ಆಗಿದೆ. ಹಾಗೆ ಮಂಗಳೂರಿಂದ 2 ಟಿಬಿದು ಒಂದು ಹಾರ್ಡ್ ಡಿಸ್ಕ್ ತರಿಸಿದೆ. ಬಂದದ್ದು ಬರೀ ಡಿಸ್ಕು ಮಾರಾಯ್ರೆ, ಒಂದು ಬೆಳ್ಳಿ ಬಣ್ಣದ ಕವರಿನಲ್ಲಿ, ಕೇಬಲ್ಲೂ ಇಲ್ಲ ಸ್ಕ್ರೂವೂ ಇಲ್ಲ.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಎಸ್‌ಎಂಪಿಎಸ್‌ನಿಂದ (ಒಳಗಿನ ಕರೆಂಟು ಕೊಡುವ ಡಬ್ಬಿ) ಬರುವ ಸಾಟಾ ಪವರ್ (ಡಿಸ್ಕಿಗೆ ಸಿಕ್ಕಿಸುವ ವಯರು) ಎರಡೇ ಇರುದು, ಒಂದು ಈಗಿನ ಡಿಸ್ಕಿಗೆ ಹೋಗಿದೆ, ಒಂದು ಡಿವಿಡಿ ಡ್ರೈವಿಗೆ. ಬಾಕಿ ಇರುದು ಆ ಅಗಲದ ಬಿಳಿ 4 ಪಿನ್ನಿನದ್ದು ಎರಡು. ಬೋರ್ಡಿನಲ್ಲಿ ಸಾಟಾ ಕಿಂಡಿ ನಾಲ್ಕು ಉಂಟು, ಎರಡು ಖಾಲಿ.

ಇನ್ನು ಮುಖ್ಯದ್ದು. ಇದಕ್ಕಿಂತ ಮೊದ್ಲಿನ ಕಂಪ್ಯೂಟರಿನ ಬೋರ್ಡು ಒಂದು ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಹೋಯ್ತು. ಅದರ 320 ಜಿಬಿ ಡಿಸ್ಕು ಮಾತ್ರ ಬಿಚ್ಚಿ ತೆಗೆದು ಅಮ್ಮನ ಕಪಾಟಿನಲ್ಲಿ ಸೀರೆಯ ಎಡೆಯಲ್ಲಿ ಇಟ್ಟದ್ದು, ಏಳು ವರ್ಷ ಆಯ್ತು. ಅದ್ರಲ್ಲಿ ಅಪ್ಪ ಊರೂರು ತಿರುಗಿ ಮಾಡಿದ ತಾಳಮದ್ದಳೆ ರೆಕಾರ್ಡಿಂಗ್ ಉಂಟು, ಕ್ಯಾಸೆಟ್ಟಿನಿಂದ ನಾನೇ ಕೂತು ಕಂಪ್ಯೂಟರಿಗೆ ಹಾಕಿದ್ದು. ಈಗ ಆ ಕ್ಯಾಸೆಟ್ಟುಗಳಿಗೆಲ್ಲ ಬೂಸ್ಟು ಹಿಡಿದು ಟೇಪು ಒಂದಕ್ಕೊಂದು ಅಂಟಿಕೊಂಡಿದೆ, ಹಾಗಾಗಿ ಇರುದು ಈ ಡಿಸ್ಕಲ್ಲಿ ಮಾತ್ರ. ಅಂಗಡಿಗೆ ತಕ್ಕೊಂಡು ಹೋದ್ರೆ ಅವ ನೋಡುದಕ್ಕೆ ಮೊದ್ಲೇ ‘ಉಳ್ಳಿಲ್ ಉಳ್ಳದು ಪೋಯಾಲ್ ಞಂಙಳ್ಕ್ ಅರಿಯೂಲ’ (ಒಳಗಿದ್ದದ್ದು ಹೋದ್ರೆ ನಮಗೆ ಗೊತ್ತಿಲ್ಲ) ಅಂತ ಕೈ ಎತ್ತಿದ. ವಾಪಸ್ ತಂದೆ.

ಹೊಸತನ್ನು ಹಾಕಿ, ಹಳೇದನ್ನೂ ಒಮ್ಮೆ ಸಿಕ್ಕಿಸಿ ಕಾಪಿ ಮಾಡ್ಬೇಕು, ಅಷ್ಟೆ. ನಾನೇ ಮಾಡ್ಬಹುದಾ? ಎಲ್ಲಿ ತಪ್ಪಿದ್ರೆ ಡೇಟಾ ಹೋಗ್ತದೆ?

ಗಡಿನಾಡ ಮಾಣಿ (ಮಂಜೇಶ್ವರ):

ಎಕ್ಸ್‌ಟರ್ನಲ್ ತಕ್ಕೊಂಡಿದ್ರೆ ಸಿಕ್ಕಿಸಿದ್ರೆ ಮುಗೀತಿತ್ತಲ್ಲ ಅಣ್ಣ. ಸುಮ್ನೆ ಯಾಕೆ ಬಿಚ್ಚುದು.

ಅಡಿಕೆಹಾಳೆ (ಪೆರ್ಲ):

ತಂದಾಯ್ತಲ್ಲ ಮಾರಾಯ. ಈಗ ಹೇಳಿ ಎಂತ ಪ್ರಯೋಜನ.

ಪಿರಿಹೋದ ಸ್ಕ್ರೂ (ಬದಿಯಡ್ಕ):

ಧಾರಾಳ ಮಾಡ್ಬಹುದು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚು ಸಾಕು. ಸಿಕ್ಕಿಸುವ ಕೆಲ್ಸದಲ್ಲಿ ಡೇಟಾ ಹೋಗುದು ಕಡಿಮೆ, ಹೋಗುದೆಲ್ಲ ಆಮೇಲೆ ವಿಂಡೋಸ್ ಒಳಗೆ ಒಂದು ತಪ್ಪು ಕ್ಲಿಕ್ ಮಾಡಿ. ನಾನು ರಿಪೇರಿ ಮಾಡ್ಲಿಕ್ಕೆ ಶುರು ಮಾಡಿದ ಕಾಲದಲ್ಲಿ ಅಗಲದ ಪಟ್ಟಿ ಕೇಬಲ್ಲು, ಮಾಸ್ಟರ್ ಸ್ಲೇವ್ ಅಂತ ಹಿಂದೆ ಜಂಪರ್ ಹಾಕುದು ಎಲ್ಲ ಇತ್ತು, ಆ ಜಂಪರ್ ಕೆಳಗೆ ಬಿದ್ದು ಸಗಣಿ ಸಾರಿಸಿದ ನೆಲದಲ್ಲಿ ಹುಡುಕಿದ್ದೇನೆ ನಾನು. ಸಾಟಾದಲ್ಲಿ ಅದೆಲ್ಲ ತಲೆಬಿಸಿ ಇಲ್ಲ, ಒಂದು ಡಿಸ್ಕಿಗೆ ಒಂದು ಕೇಬಲ್.

ಮೊದ್ಲು ಸ್ವಿಚ್ ಆಫ್ ಮಾಡಿ ಪ್ಲಗ್ ಪೂರ್ತಿ ಎಳೆದು ತೆಗೀರಿ, ಆಮೇಲೆ ಕ್ಯಾಬಿನೆಟಿನ ಪವರ್ ಬಟನ್ ಒಮ್ಮೆ ಒತ್ತಿ, ಒಳಗೆ ಉಳಿದ ಕರೆಂಟು ಹೋಗ್ಲಿ. ಎರಡೂ ಬದಿಯ ತಗಡು ತೆಗೀಬೇಕು, ಒಂದೇ ಬದಿ ತೆಗೆದ್ರೆ ಆಚೆ ಬದಿಯ ಸ್ಕ್ರೂ ಹಾಕ್ಲಿಕ್ಕೆ ಆಗುದಿಲ್ಲ. ಡಿಸ್ಕ್ ಮುಟ್ಟುವ ಮೊದ್ಲು ಕ್ಯಾಬಿನೆಟಿನ ಬಣ್ಣ ಇಲ್ಲದ ತಗಡನ್ನು ಒಮ್ಮೆ ಮುಟ್ಟಿ, ನಮ್ಮ ಊರಿನ ತೇವದಲ್ಲಿ ಸ್ಟಾಟಿಕ್ ಕಡಿಮೆ ಆದ್ರೂ ಅಭ್ಯಾಸ ಒಳ್ಳೇದು. ಡಿಸ್ಕಿನ ಅಡಿಯಲ್ಲಿ ಹಸಿರು ಬೋರ್ಡು ಕಾಣ್ತದಲ್ಲ, ಅದಕ್ಕೆ ಬೆರಳು ತಾಗಿಸ್ಬೇಡಿ, ಬದಿ ಹಿಡೀರಿ.

ಸ್ಕ್ರೂ ವಿಷಯ ಎಲ್ರೂ ಹಗುರ ಮಾಡ್ತಾರೆ. ನನ್ನ ಹೆಸರೇ ಅದ್ರಿಂದ ಬಂದದ್ದು. ದೊಡ್ಡ ಡಿಸ್ಕಿಗೆ ಹಾಕುದು ದಪ್ಪ ಪಿರಿಯ ಸ್ಕ್ರೂ, ಡಿವಿಡಿ ಡ್ರೈವಿಗೆ ಸಪುರ ಪಿರಿಯದ್ದು, ನೋಡ್ಲಿಕ್ಕೆ ಎರಡೂ ಒಂದೇ ತರ. ಡಿವಿಡಿದನ್ನು ತಂದು ಡಿಸ್ಕಿಗೆ ಹಾಕಿದ್ರೆ ಮೊದ್ಲು ಸಡಿಲ ಹೋಗ್ತದೆ, ಹೋಯ್ತಲ್ಲ ಅಂತ ಒತ್ತಿ ತಿರುಗಿಸಿದ್ರೆ ಅಲ್ಲಿಗೆ ಪಿರಿ ಹೋಯ್ತು. ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋದ್ರೆ ಮಾತ್ರ ಸ್ಕ್ರೂಡ್ರೈವರ್ ತಕ್ಕೊಳ್ಳಿ. ಹೊಸತನ್ನು ಹಳೇದರ ಬೆನ್ನಿಗೆ ಅಂಟಿಸಿ ಇಡ್ಬೇಡಿ, ಮಧ್ಯೆ ಒಂದು ಖಾನೆ ಖಾಲಿ ಬಿಡಿ, ಮಾರ್ಚ್ ಎಪ್ರಿಲಿನ ಸೆಕೆಗೆ ಡಿಸ್ಕುಗಳಿಗೂ ಗಾಳಿ ಬೇಕು.

ಪವರಿನ ವಿಷಯ. ನೀವು ಡಿವಿಡಿ ಡ್ರೈವ್ ಕೊನೆಗೆ ಉಪಯೋಗಿಸಿದ್ದು ಯಾವಾಗ ಹೇಳಿ? ಅದರ ಎರಡೂ ವಯರ್ ಕಿತ್ತು ಹೊಸ ಡಿಸ್ಕಿಗೆ ಕೊಡಿ. ಅದೇ 7 ಪಿನ್ನಿನ ಡೇಟಾ ಕೇಬಲ್, ಅದೇ 15 ಪಿನ್ನಿನ ಪವರ್, ಏನೂ ವ್ಯತ್ಯಾಸ ಇಲ್ಲ. ಉದ್ದ ಸಾಕಾಗದಿದ್ರೆ ಡಿಸ್ಕನ್ನು ಮೇಲಿನ ಖಾನೆಗೆ ಹಾಕಿ. ಎರಡೂ ಕನೆಕ್ಟರಿನ ಒಳಗೆ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ತಿರುವು ಉಂಟು, ಟಾರ್ಚು ಹಾಕಿ ನೋಡಿ ಸಿಕ್ಕಿಸಿ. ಉಲ್ಟಾ ಹಿಡಿದು ಒತ್ತಿದ್ರೆ ಡಿಸ್ಕಿನ ಬದಿಯ ಕಪ್ಪು ಪ್ಲಾಸ್ಟಿಕ್ ನಾಲಗೆ ತುಂಡಾಗಿ ಕೇಬಲಿನೊಳಗೆ ಕೂತ್ಕೊಳ್ತದೆ. ಹಾಗೆ ಆದ ಡಿಸ್ಕು ನನ್ನತ್ರ ವರ್ಷಕ್ಕೆ ಎರಡು ಮೂರು ಬರ್ತದೆ.

ಎಸ್‌ಎಂಪಿಎಸ್ ಸಾಕಾ ಅಂತ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ಸಾಕು. ಈ ಡಿಸ್ಕು ತಿರುಗ್ಲಿಕ್ಕೆ ಶುರು ಆಗುವ ಕೆಲವು ಸೆಕೆಂಡು ಇಪ್ಪತ್ತು ಇಪ್ಪತ್ತೈದು ವಾಟ್ ಎಳೀತದೆ, ಆಮೇಲೆ ಹತ್ತರ ಒಳಗೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ3ಗೆ ಇದೆಲ್ಲ ದೊಡ್ಡ ವಿಷಯ ಅಲ್ಲ.

ಹಳೇ ಡಿಸ್ಕನ್ನು ಇವತ್ತು ಮುಟ್ಲೇಬೇಡಿ. ಅದು ಸೀರೆಯ ಎಡೆಯಲ್ಲೇ ಇರ್ಲಿ. ಹೊಸತು ಕಂಡು, ಅದಕ್ಕೆ ಹೆಸರು ಇಟ್ಟು ಆದ ಮೇಲೆ ಬನ್ನಿ.

ಶೇಂಗಾ ಹೋಳಿಗಿ (ಅಕ್ಕಲಕೋಟ):

ಸ್ಕ್ರೂ ಅಣ್ಣಾರು ಹೇಳಿದ್ದು ಬರೋಬ್ಬರಿ ಅದ. ನಂದೊಂದು ಮಾತು ಸೇರಸ್ತೀನ್ರಿ. ಆ ಬಿಳಿ 4 ಪಿನ್ನಿಂದು ಅಂದ್ರ ಮೋಲೆಕ್ಸ್‌ದಿಂದ ಸಾಟಾಕ್ಕ ಮಾಡೋ ಕನ್ವರ್ಟರ್ ಬಜಾರದಾಗ ಸಿಗ್ತಾವಲ್ರಿ, ಅದರಾಗ ಎರಡು ನಮೂನಿ ಅದಾವ. ಒಂದರಾಗ ವಯರು ಕನೆಕ್ಟರಿನ್ಯಾಗ ಪ್ಲಾಸ್ಟಿಕ್ ಕರಗಿಸಿ ಎರಕಾ ಹೊಯ್ದಂಗ ಇರ್ತದ, ಒಳಗ ಏನದ ಅಂತ ಕಾಣಂಗಿಲ್ಲ. ಅದನ್ನ ತಗೋಬ್ಯಾಡ್ರಿ. ಒಳಗ ವಯರು ಒಂದಕ್ಕೊಂದು ತಾಗಿ ಸುಡ್ತದ, ನಂದು ಸುಟ್ಟದ, ಖೋಲಿ ತುಂಬ ರಬ್ಬರ್ ಸುಟ್ಟ ವಾಸನಿ, ಡಿಸ್ಕಿನ ಬೋರ್ಡ್ ಭೀ ಹೋತು. ಇನ್ನೊಂದು ನಮೂನಿದರಾಗ ಒಂದೊಂದು ವಯರು ಬ್ಯಾರೆ ಬ್ಯಾರೆ ಒಳಗ ಹೋಗಿದ್ದು ಹಿಂದಿಂದ ಕಾಣ್ತದ, ಹಿಂದ ಮುಚ್ಚಳ ಇರ್ತದ, ಅದು ನಡೀತದ. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಹೋದ್ರ ಹೋಗ್ಲಿ.

ರೋಜಾ ತೋಟ (ಹೊಸೂರು):

ಗುರು, 2 ಟಿಬಿ ಹಾರ್ಡ್ ಡಿಸ್ಕ್ ಬದ್ಲು ಒಂದು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ದಿರೋ ಸ್ಪೀಡ್ ಡಿಸ್ಕು) ತಗೊಂಡು ವಿಂಡೋಸ್ ಅದಕ್ಕೆ ಹಾಕಿದ್ರೆ ಮಿಷಿನ್ ರಾಕೆಟ್ ಆಗೋದು. ಕಂಪನಿಲಿ ನಾವೆಲ್ಲ ಹಂಗೇ ಮಾಡೋದು.

ಪಿರಿಹೋದ ಸ್ಕ್ರೂ (ಬದಿಯಡ್ಕ):

ಹೌದು ಹೌದು, ಅವರು ಕೇಳಿದ್ದು ಜಾಗ, ನೀವು ಕೊಡುದು ಸ್ಪೀಡು. ಬ್ಯಾನರಿನ ಫೈಲು ಇಡ್ಲಿಕ್ಕೆ ಹಾರ್ಡ್ ಡಿಸ್ಕೇ ಲಾಭ. ಎಸ್‌ಎಸ್‌ಡಿ ಮುಂದಿನ ಅಡಿಕೆಗೆ ನೋಡುವ.

ಅಡಿಕೆಹಾಳೆ (ಪೆರ್ಲ):

ಸ್ಕ್ರೂ ಅಣ್ಣ, ನಿನ್ನೆ ರಾತ್ರಿ ಕೂತು ಮಾಡಿದೆ. ತಗಡು ತೆಗೆದ್ರೆ ಒಳಗೆ ಎಂತ ಇತ್ತು ಗೊತ್ತುಂಟಾ, ಡಿವಿಡಿ ಡ್ರೈವಿನ ಹಿಂದೆ ಎರಡು ಹಲ್ಲಿ ಮೊಟ್ಟೆ, ಪುಟ್ಟ ಪುಟ್ಟದ್ದು, ತಗಡಿಗೆ ಅಂಟಿಕೊಂಡು. ಬಿಸಿಗೆ ಬಂದು ಇಟ್ಟದ್ದಾಗಿರ್ಬೇಕು. ಅದನ್ನು ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ, ಡಿವಿಡಿ ಡ್ರೈವನ್ನು ಅಲ್ಲೇ ಬಿಟ್ಟು ವಯರ್ ಮಾತ್ರ ಕಿತ್ತೆ. ಫ್ಯಾನಿನಲ್ಲಿ ಒಂದು ಹಿಡಿ ಧೂಳು. ಸ್ಕ್ರೂ ನಾಲ್ಕು ಹಳೇ ಕ್ಯಾಬಿನೆಟಿನಿಂದ ಸಿಕ್ಕಿತು, ಬೆರಳಲ್ಲೇ ಹೋಯ್ತು.

ಆನ್ ಮಾಡಿದ್ರೆ ಡಿಸ್ಕು ತಿರುಗುವ ಶಬ್ದ ಬರ್ತದೆ, ಬಯೋಸಿನಲ್ಲೂ (ವಿಂಡೋಸಿಗೆ ಮೊದ್ಲು ಬರುವ ಸೆಟ್ಟಿಂಗಿನ ಪರದೆ) 2000 ಜಿಬಿ ಅಂತ ಹೆಸರು ಕಾಣ್ತದೆ, ಆದ್ರೆ ವಿಂಡೋಸಿನಲ್ಲಿ ದಿಸ್ ಪಿಸಿ ಓಪನ್ ಮಾಡಿದ್ರೆ ಅದೇ ಸಿ, ಅದೇ ಡಿ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಡಿಸ್ಕೇ ಹಾಳಾ?

ಪಿರಿಹೋದ ಸ್ಕ್ರೂ (ಬದಿಯಡ್ಕ):

ಹಾಳಲ್ಲ, ಹೊಸ ಡಿಸ್ಕು ಅಂದ್ರೆ ಗಡಿ ಹಾಕದ ಜಾಗ ಇದ್ದ ಹಾಗೆ, ಸರ್ವೆ ಕಲ್ಲು ನಟ್ಟು ನಂಬ್ರ ಕೊಡುವ ತನಕ ವಿಂಡೋಸ್ ಅದನ್ನು ಲೆಕ್ಕಕ್ಕೆ ತಕ್ಕೊಳ್ಳುದಿಲ್ಲ. ಸ್ಟಾರ್ಟ್ ಬಟನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಉಂಟು. ಓಪನ್ ಆದ ಕೂಡ್ಲೇ ಡಿಸ್ಕನ್ನು ಇನಿಶಿಯಲೈಸ್ ಮಾಡ್ಬೇಕು ಅಂತ ಒಂದು ಡಬ್ಬಿ ಬರ್ತದೆ, ಎಂಬಿಆರಾ ಜಿಪಿಟಿಯಾ (ಡಿಸ್ಕಿನ ಜಾಗದ ಲೆಕ್ಕ ಬರೆದಿಡುವ ಎರಡು ಕ್ರಮ) ಅಂತ ಕೇಳ್ತದೆ. ಜಿಪಿಟಿ ಒತ್ತಿ. ಎಂಬಿಆರ್ ಅಂದ್ರೆ ಹಳೇ ಲೆಕ್ಕ, ಅದ್ರಲ್ಲಿ 2 ಟಿಬಿಗಿಂತ ಮೇಲಿನ ಜಾಗ ಉಪಯೋಗಕ್ಕೆ ಸಿಗುದಿಲ್ಲ. ನಿಮ್ಮದು ಆ ಗಡಿಯಲ್ಲೇ ಉಂಟು, ನಡೀತದೆ, ಆದ್ರೂ ಹೊಸತಕ್ಕೆ ಹೊಸ ಲೆಕ್ಕವೇ ಇರ್ಲಿ. ಎಕ್ಸ್‌ಪಿ ಕಂಪ್ಯೂಟರಿಗೆ ಯಾವಾಗಾದ್ರೂ ಸಿಕ್ಕಿಸ್ಲಿಕ್ಕೆ ಇದ್ರೆ ಮಾತ್ರ ಹೇಳಿ, ಅದಕ್ಕೆ ಜಿಪಿಟಿ ಅರ್ಥ ಆಗುದಿಲ್ಲ.

ಆಮೇಲೆ ಕೆಳಗೆ ಕಪ್ಪು ಪಟ್ಟಿಯ ಅನ್‌ಅಲೊಕೇಟೆಡ್ ಅಂತ ಕಾಣ್ತದೆ, ಅದರ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. ಹೆಸರು ಹಾಕುವಲ್ಲಿ ನ್ಯೂ ವಾಲ್ಯೂಮ್ ಅಂತ ಬಿಡ್ಬೇಡಿ, ಏನಾದ್ರೂ ಗುರುತಿನ ಹೆಸರು ಹಾಕಿ, ನಾಳೆ ಹಳೇದು ಬಂದಾಗ ಅದೇ ನಿಮ್ಮನ್ನು ಬಚಾವ್ ಮಾಡುದು. ಜಾಗ 1863 ಜಿಬಿ ಅಂತ ತೋರಿಸ್ತದೆ, ಅಂಗಡಿಯವ ಮೋಸ ಮಾಡಿದ ಅಂತ ಫೋನ್ ಮಾಡ್ಬೇಡಿ. ಕಂಪನಿಯವರು ಸಾವಿರದಿಂದ ಗುಣಿಸುದು, ವಿಂಡೋಸ್ 1024ರಿಂದ ಭಾಗಿಸುದು, ಅಷ್ಟೇ ಕಥೆ.

ಅಕ್ಷರಜೋಡಣೆ (ಕುಂಬಳೆ):

ನಾನೂ ಡಿಟಿಪಿಯವಳೇ, ಒಂದು ಹೇಳ್ಬೇಕು ಅನ್ನಿಸ್ತು. ಡಿ ಡ್ರೈವಿನ ಕೆಲ್ಸದ ಫೋಲ್ಡರನ್ನು ಹಾಗೇ ಎತ್ತಿ ಹೊಸತಕ್ಕೆ ಹಾಕಿದ್ರೆ, ಪೇಜ್‌ಮೇಕರಿನಲ್ಲಿ (ಪುಟ ಜೋಡಿಸುವ ಪ್ರೋಗ್ರಾಂ) ಲಿಂಕ್ ಮಾಡಿದ ಫೋಟೋ ಎಲ್ಲ ಎಲ್ಲಿ ಉಂಟು ಅಂತ ಕೇಳ್ಲಿಕ್ಕೆ ಶುರು ಮಾಡ್ತದೆ, ಅದು ಡಿ ಅಂತಲೇ ಬರೆದಿಟ್ಕೊಂಡಿರ್ತದೆ. ನನಗೆ ಒಂದು ನೂರು ಪುಟದ ಸ್ಮರಣ ಸಂಚಿಕೆಯಲ್ಲಿ ಹೀಗೆ ಆಗಿ, ಬಿಡುಗಡೆಗೆ ಮೂರು ದಿನ ಇರುವಾಗ ಒಂದೊಂದೇ ಫೋಟೋ ಪುನಃ ತೋರಿಸಿ ಕೊಟ್ಟದ್ದು. ಎಲ್ಲ ಕಾಪಿ ಆದ ಮೇಲೆ ಅದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಈಗಿನ ಡಿಗೆ ಬೇರೆ ಯಾವುದಾದ್ರೂ ಅಕ್ಷರ ಕೊಟ್ಟು, ಹೊಸ ಡಿಸ್ಕಿಗೆ ಡಿ ಅಂತ ಕೊಡಿ, ಅದಕ್ಕೆ ಗೊತ್ತೇ ಆಗುದಿಲ್ಲ. ಪ್ರೋಗ್ರಾಂ ಏನಾದ್ರೂ ಡಿಯಲ್ಲಿ ಇನ್‌ಸ್ಟಾಲ್ ಮಾಡಿದ್ರೆ ಮಾತ್ರ ಹೀಗೆ ಮಾಡ್ಬೇಡಿ, ಅದು ಓಪನ್ ಆಗ್ಲಿಕ್ಕಿಲ್ಲ.

ಮತ್ತೆ ಹಳೇ 320ರಲ್ಲಿ ನುಡಿ, ಬರಹ ಹಾಕಿ ಟೈಪ್ ಮಾಡಿದ ಫೈಲು ಇದ್ರೆ ಆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ಮರೀದೆ ಕಾಪಿ ಮಾಡಿ. ಯೂನಿಕೋಡಿಗೆ ಮೊದಲಿನ ಆ ಫಾಂಟು ಇಲ್ಲದಿದ್ರೆ ಅಪ್ಪನ ಪ್ರಸಂಗದ ಪಟ್ಟಿ ಎಲ್ಲ ತಲೆಮೇಲೆ ಚುಕ್ಕಿ ಗೀಟು ಇರುವ ಇಂಗ್ಲಿಷ್ ಅಕ್ಷರ ಆಗಿ ಕಾಣ್ತದೆ, ಯಾರಿಗೂ ಓದ್ಲಿಕ್ಕಾಗ್ಲಿಕ್ಕಿಲ್ಲ.

ಅಡಿಕೆಹಾಳೆ (ಪೆರ್ಲ):

ಅಕ್ಕ, ಫಾಂಟಿನದ್ದು ನನಗೆ ಹೊಳೆದೇ ಇರ್ಲಿಲ್ಲ. ಪಟ್ಟಿ ಉಂಟು ಅದ್ರಲ್ಲಿ, ಯಾವ ಊರು, ಯಾವ ತಾರೀಕು, ಅರ್ಥಧಾರಿಗಳು ಯಾರು ಅಂತ ಎಲ್ಲ ಅಪ್ಪ ಹೇಳಿದ್ದು ನಾನು ನುಡಿಯಲ್ಲಿ ಟೈಪ್ ಮಾಡಿದ್ದು.

ಹೊಸ ಡಿಸ್ಕ್ ಬಂತು! 1863 ಅಂತಲೇ ತೋರಿಸ್ತದೆ. ‘ಹೊಸಮನೆ’ ಅಂತ ಹೆಸರು ಇಟ್ಟೆ. ಈಗ ಹಳೇದು ಸಿಕ್ಕಿಸ್ಲಾ? ಅಕ್ಕಲಕೋಟದ ಅಣ್ಣ ಹೇಳಿದ ಹಾಗೆ ವಯರು ಕಾಣುವ ಕನ್ವರ್ಟರೂ, ಒಂದು ಡೇಟಾ ಕೇಬಲ್ಲೂ ಕಾಸರಗೋಡಿಂದ ತಂದೆ.

ಪಿರಿಹೋದ ಸ್ಕ್ರೂ (ಬದಿಯಡ್ಕ):

ಸಿಕ್ಕಿಸಿ, ಆದ್ರೆ ಇದನ್ನು ಪೂರ್ತಿ ಓದಿ. ಏಳು ವರ್ಷ ಸುಮ್ನೆ ಇದ್ದ ಡಿಸ್ಕು, ಮತ್ತೆ ಮತ್ತೆ ಆನ್ ಆಫ್ ಮಾಡಿ ಆಟ ಆಡ್ಲಿಕ್ಕೆ ಇಲ್ಲ. ಸ್ಕ್ರೂ ಹಾಕುದು ಬೇಡ, ಕ್ಯಾಬಿನೆಟ್ ಮಲಗಿಸಿ ಅದರ ತಳದಲ್ಲಿ ಒಂದು ರಟ್ಟಿನ ತುಂಡು ಹಾಕಿ ಅದರ ಮೇಲೆ ಮಟ್ಟಸ ಇಡಿ, ತಿರುಗುವಾಗ ಅಲ್ಲಾಡಿಸ್ಬಾರ್ದು. ಆನ್ ಮಾಡಿ ಕಿವಿ ಕೊಡಿ. ಸಣ್ಣಗೆ ಹೂಂ ಅಂತ ಶಬ್ದ ಬಂದ್ರೆ ಸರಿ. ಟಿಕ್, ಟಿಕ್, ಟಿಕ್ ಅಂತ ಗೋಡೆ ಗಡಿಯಾರದ ಹಾಗೆ ಬಂದ್ರೆ ಅಲ್ಲಿಗೇ ಆಫ್ ಮಾಡಿ, ಇನ್ನೊಮ್ಮೆ ನೋಡುವ ಅಂತ ಆನ್ ಮಾಡ್ಬೇಡಿ, ಅದು ಡೇಟಾ ತೆಗೆಯುವವರ ಕೈಗೆ ಹೋಗ್ಬೇಕಾದ್ದು.

ಎರಡನೇದು, ಇದೇ ಮುಖ್ಯ. ವಿಂಡೋಸ್ ಈ ಡಿಸ್ಕನ್ನು ನೋಡಿ ‘ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ’ ಅಂತಲೋ ‘ಇನಿಶಿಯಲೈಸ್ ಮಾಡ್ಲಾ’ ಅಂತಲೋ ಕೇಳಿದ್ರೆ ಕ್ಯಾನ್ಸಲ್. ನಿನ್ನೆ ಒತ್ತಿ ಅಂದದ್ದನ್ನೇ ಇವತ್ತು ಒತ್ಬೇಡಿ ಅಂತ ಹೇಳ್ತಿದ್ದೇನೆ, ಅದಕ್ಕೇ ಎರಡನ್ನೂ ಒಟ್ಟಿಗೆ ಹಾಕ್ಲಿಕ್ಕೆ ಬಿಡದ್ದು. ಎರಡು ಡಿಸ್ಕು ಒಟ್ಟಿಗೆ ಹಾಕಿ ಕೂತು ಡಿಸ್ಕ್ 1 ಯಾವುದು ಡಿಸ್ಕ್ 2 ಯಾವುದು ಅಂತ ಗೊತ್ತಾಗದೆ ಒತ್ತಿದವರ ಕಥೆ ನಾನು ಕೇಳಿದ್ದಲ್ಲ, ಸ್ವಂತ ಮಾಡಿದ್ದು. ಒಬ್ರ ಮಗಳ ಮದುವೆ ಫೋಟೋ. ಈಗಲೂ ಅವರು ಎದುರಿಗೆ ಸಿಕ್ಕಿದ್ರೆ ನಾನು ರಸ್ತೆ ದಾಟ್ತೇನೆ.

ಮಳೆ ಮೋಡ ಇದ್ರೆ ನಾಳೆ ಮಾಡಿ. ಕಾಪಿ ಆಗ್ತಿರುವಾಗ ಕರೆಂಟ್ ಹೋಗುದೂ ಒಳ್ಳೇದಲ್ಲ, ಗುಡುಗು ಶುರು ಆದ್ರೆ ಪ್ಲಗ್ ಮಾತ್ರ ಅಲ್ಲ ನೆಟ್ಟಿನ ಕೇಬಲ್ಲೂ ಎಳೀರಿ, ಸಿಡಿಲು ಅದ್ರಲ್ಲೂ ಬರ್ತದೆ. ಬೆಳಿಗ್ಗೆ ಕೂತ್ಕೊಳ್ಳಿ, ನಮ್ಮಲ್ಲಿ ಗುಡುಗುದು ಮಧ್ಯಾಹ್ನ ಮೇಲೆಯೇ ಅಲ್ವಾ.

ಅಡಿಕೆಹಾಳೆ (ಪೆರ್ಲ):

ಬೆಳಿಗ್ಗೆ ಆರು ಗಂಟೆಗೆ ಕೂತೆ. ಹೂಂ ಅಂತ ಬಂತು, ಟಿಕ್ ಇಲ್ಲ. ಆದ್ರೆ ಸ್ಕ್ರೀನಿನಲ್ಲಿ ನನ್ನ ವಿಂಡೋಸ್ 10 ಬದ್ಲು ‘ಸ್ಟಾರ್ಟಿಂಗ್ ವಿಂಡೋಸ್’ ಅಂತ ನಾಲ್ಕು ಬಣ್ಣದ ಲೋಗೋ, ಹಳೇ ವಿಂಡೋಸ್ 7! ಒಂದು ಗಳಿಗೆ ಹಳೇ ಕಂಪ್ಯೂಟರೇ ಎದ್ದು ಬಂದ ಹಾಗೆ ಆಯ್ತು. ಮತ್ತೆ ನೀಲಿ ಪರದೆ ಬಂದು ರೀಸ್ಟಾರ್ಟ್. ಕೈ ನಡುಗಿ ಆಫ್ ಮಾಡಿಟ್ಟಿದ್ದೇನೆ. ಹೋಯ್ತಾ?

ಪಿರಿಹೋದ ಸ್ಕ್ರೂ (ಬದಿಯಡ್ಕ):

ಛೆ, ಅದು ನಾನು ಹೇಳ್ಬೇಕಿತ್ತು, ನನ್ನ ತಪ್ಪು. ಏನೂ ಹೋಗ್ಲಿಲ್ಲ. ಹಳೇ ಡಿಸ್ಕಿನಲ್ಲೂ ವಿಂಡೋಸ್ ಉಂಟಲ್ಲ, ಬಯೋಸ್ ಅದನ್ನೇ ಮೊದ್ಲು ಎಬ್ಬಿಸಿತು, ಬೇರೆ ಬೋರ್ಡು ನೋಡಿ ಅದು ಗಾಬರಿ ಬಿದ್ದು ನೀಲಿ ಆಯ್ತು. ಆನ್ ಮಾಡಿದ ಕೂಡ್ಲೇ ಡಿಲೀಟ್ ಕೀ ಒತ್ತುತ್ತಾ ಇರಿ, ಬಯೋಸಿಗೆ ಹೋಗ್ತದೆ, ಬೂಟ್ ಅನ್ನುವಲ್ಲಿ ನಿಮ್ಮ 500 ಜಿಬಿಯ ಹೆಸರನ್ನು ಮೊದಲನೇದಕ್ಕೆ ತನ್ನಿ, ಎಫ್10 ಒತ್ತಿ ಸೇವ್ ಮಾಡಿ. ಅಲ್ಲಿ ಸಾಟಾ ಮೋಡ್ ಎಎಚ್‌ಸಿಐ, ಐಡಿಇ ಅಂತೆಲ್ಲ ಬರೆದಿರ್ತದೆ, ಅದನ್ನು ಮುಟ್ಟಿದ್ರೆ ವಿಂಡೋಸ್ 10 ಕೂಡ ನೀಲಿ ಆಗ್ತದೆ. ಬೂಟ್ ಒಂದೇ ಸಾಕು.

ವಿಂಡೋಸ್ ಏಳುವಾಗ ಡಿಸ್ಕ್ ಚೆಕ್ ಮಾಡುವ ಅಂತ ಕಪ್ಪು ಪರದೆಯಲ್ಲಿ ಕೇಳಿದ್ರೆ ಯಾವುದಾದ್ರೂ ಕೀ ಒತ್ತಿ ಸ್ಕಿಪ್ ಮಾಡಿ, ಮೊದ್ಲು ಕಾಪಿ. ಹಳೇ ಯೂಸರ್ ಫೋಲ್ಡರಿಗೆ ಹೋಗುವಾಗ ಪರ್ಮಿಶನ್ ಇಲ್ಲ ಅಂದ್ರೆ ಕಂಟಿನ್ಯೂ ಕೊಟ್ಟು ಕಾಯಿರಿ, ಹಸಿರು ಪಟ್ಟಿ ನಿಧಾನ ಹೋಗ್ತದೆ. ಕಾಪಿ ಮಾತ್ರ, ಕಟ್ ಅಲ್ಲ.

ಅಡಿಕೆಹಾಳೆ (ಪೆರ್ಲ):

ಆಯ್ತು ಅಣ್ಣ!! ಬೂಟ್ ಬದಲಿಸಿದ ಕೂಡ್ಲೇ ವಿಂಡೋಸ್ 10 ಬಂತು, ಹಳೇದು ಎಫ್ ಅಂತ ಬಂತು, ಫಾರ್ಮ್ಯಾಟ್ ಗೀರ್ಮ್ಯಾಟ್ ಏನೂ ಕೇಳ್ಲಿಲ್ಲ. ಸುಮಾರು 210 ಜಿಬಿ ಇತ್ತು, ಒಂದೂವರೆ ಗಂಟೆ ಹಿಡೀತು, ದೊಡ್ಡ ಫೈಲು ಇರುವಲ್ಲಿ ಓಡಿತು, ಸಣ್ಣ ಸಣ್ಣ ಫೋಟೋ ಇರುವಲ್ಲಿ ಎಳ್ಕೊಂಡು ಹೋಯ್ತು. ಎರಡು ರೆಕಾರ್ಡಿಂಗಿನಲ್ಲಿ ಮಾತ್ರ ಓದ್ಲಿಕ್ಕೆ ಆಗುದಿಲ್ಲ ಅಂತ ನಿಂತಿತು, ಸ್ಕಿಪ್ ಕೊಟ್ಟೆ, ಆಮೇಲೆ ಅದೆರಡನ್ನೇ ಬೇರೆ ಮಾಡಿದಾಗ ಒಂದು ಬಂತು, ಇನ್ನೊಂದು ಇಲ್ಲ. ಫಾಂಟು ಹಾಕಿದೆ, ಪಟ್ಟಿ ಸರಿ ಓದ್ಲಿಕ್ಕಾಗ್ತದೆ ಅಕ್ಕ. ಬಾರದ ಫೈಲು ಯಾವುದು ಅಂತ ಅದ್ರಲ್ಲೇ ನೋಡಿದೆ, ಬಾಯಾರಿನ ವಾಲಿವಧೆ. ಅಪ್ಪನ ಹತ್ರ ಹೇಳಿದ್ರೆ ‘ಅದರ ಕ್ಯಾಸೆಟ್ಟು ಇನ್ನೊಬ್ರಿಗೂ ಕೊಟ್ಟಿದ್ದೆ, ಅವರತ್ರ ಕೇಳುವ’ ಅಂತ ಎದ್ದು ಅಂಗಿ ಹಾಕಿದ್ರು.

ಅಕ್ಷರಜೋಡಣೆ (ಕುಂಬಳೆ):

ಆ ಕ್ಯಾಸೆಟ್ಟು ಸಿಕ್ಕಿದ್ರೆ ಹೇಳಿ, ನನ್ನತ್ರ ಇನ್ನೂ ಒಂದು ಓಡುವ ಟೇಪ್ ರೆಕಾರ್ಡರ್ ಉಂಟು.

ಪಿರಿಹೋದ ಸ್ಕ್ರೂ (ಬದಿಯಡ್ಕ):

ಒಳ್ಳೇದಾಯ್ತು. ಓದ್ಲಿಕ್ಕಾಗದ ಜಾಗ ಬಂತು ಅಂದ್ರೆ ಹಳೇದು ಸವೆದಿದೆ ಅಂತಲೇ ಲೆಕ್ಕ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಫ್ರೀ ಸಾಫ್ಟ್‌ವೇರ್ ಉಂಟು, ಹಾಕಿ ನೋಡಿದ್ರೆ ಹಳದಿ ಬಣ್ಣದಲ್ಲಿ ಕಾಶನ್ ಅಂತ ತೋರಿಸ್ಬಹುದು. ಅದಕ್ಕೆ ಇನ್ನು ಹೊಸ ಕೆಲ್ಸ ಕೊಡ್ಬೇಡಿ, ಆದ್ರೆ ಫಾರ್ಮ್ಯಾಟೂ ಮಾಡ್ಬೇಡಿ, ಬಿಚ್ಚಿ ಪುನಃ ಸೀರೆಯ ಎಡೆಗೇ ಹೋಗ್ಲಿ. ಹೊಸ ಡಿಸ್ಕು ಹೊಸತು ಅಂತ ಹೋಗದೆ ಇರುದಿಲ್ಲ. ರೆಕಾರ್ಡಿಂಗಿನದ್ದು ಒಂದು ಕಾಪಿ ಮನೆಯಿಂದ ಹೊರಗೆ, ತಂಗಿ ಮನೆಯಲ್ಲೋ ಎಲ್ಲಾದ್ರೂ, ಇರ್ಬೇಕು. ಸಿಡಿಲಿಗೆ ಒಂದು ಮನೆಯ ಎರಡು ಡಿಸ್ಕು ಒಟ್ಟಿಗೇ ಸಿಗ್ತದೆ.

ಗಡಿನಾಡ ಮಾಣಿ (ಮಂಜೇಶ್ವರ):

ಅದಕ್ಕೇ ಹೇಳಿದ್ದು ಎಕ್ಸ್‌ಟರ್ನಲ್ ತಕ್ಕೊಳ್ಳಿ ಅಂತ 😄

ಅಡಿಕೆಹಾಳೆ (ಪೆರ್ಲ):

ಆಯ್ತು ಮಾರಾಯ, ನೀನು ಗೆದ್ದೆ, ಅದೂ ತಕ್ಕೊಳ್ತೇನೆ. ಹಲ್ಲಿ ಮೊಟ್ಟೆ ಒಂದು ಒಡೆದು ಖಾಲಿ ಆಗಿದೆ, ಮರಿ ಎಲ್ಲಿ ಹೋಗಿದೆ ಗೊತ್ತಿಲ್ಲ, ಅದು ಸಿಗುವ ತನಕ ತಗಡು ಮುಚ್ಚುದಿಲ್ಲ.